ಕತ್ತರಿಸಿದ ನಾಲ್ಕು ನಿಮಿಷ

ಒಬ್ಬರ ಕೈಯನ್ನು ಬರೆದಿಟ್ಟುಕೊಂಡು ಇನ್ನೊಬ್ಬರಿಗೆ ತೊಡಿಸುವಂತಿದ್ದರೆ? ಇವತ್ತು ಹೀಗೆ ಕೇಳಿದರೆ ಎದುರಿಗಿದ್ದವರು ನಮ್ಮ ಮುಖವನ್ನೇ ಒಂದು ಥರ ನೋಡುತ್ತಾರೆ. ಇದು ಇನ್ನು ಮೂವತ್ತು ವರ್ಷ ಕಳೆದ ಮೇಲಿನ ಮಾತು. ಆಗ ಗದಗದ ಹೊರಗೆ, ಗಾಳಿಯಂತ್ರಗಳ ಸಾಲಿನ ಕೆಳಗೆ, ಕೈಲಿಪಿ ಕೇಂದ್ರ ಅಂತ ಒಂದು ಕಟ್ಟಡವಿತ್ತು. ಅಲ್ಲಿ ಬರೆಯುತ್ತಿದ್ದದ್ದು ಕೈಗಳನ್ನೇ.

ಹೇಗೆಂದರೆ, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಕೂದಲಿಗಿಂತ ಸಣ್ಣ ತಂತಿಗಳಿದ್ದ ಒಂದು ಕೈಗವಸು ತೊಡುತ್ತಿದ್ದರು. ಯಾವ ಬೆರಳು ಎಷ್ಟು ಬಾಗಿತು, ಎಷ್ಟು ಒತ್ತಿತು, ಎಲ್ಲಿ ಅಳುಕಿತು ಎಂಬುದೆಲ್ಲ ಸೆಕೆಂಡಿಗೆ ಸಾವಿರ ಸಲ ದಾಖಲಾಗುತ್ತಿತ್ತು. ಆ ದಾಖಲೆಗೆ ಕೈಲಿಪಿ ಎಂದು ಹೆಸರು. ದೂರದ ತಾಲ್ಲೂಕು ಆಸ್ಪತ್ರೆಯ ವೈದ್ಯ ತನ್ನ ಕೈಗವಸು ತೊಟ್ಟರೆ, ಅದೇ ಕೈಲಿಪಿ ಅವನ ಬೆರಳುಗಳನ್ನು ಮೆಲ್ಲಗೆ ಎಳೆದು, ತಡೆದು, ದಾರಿ ತೋರಿಸುತ್ತಿತ್ತು. ರೋಗಿಯ ಮೈ ದೊಡ್ಡದಿರಲಿ ಸಣ್ಣದಿರಲಿ, ಯಂತ್ರ ಅದಕ್ಕೆ ಹೊಂದಿಸಿಕೊಳ್ಳುತ್ತಿತ್ತು. ವೈದ್ಯ ಬೇಡವೆಂದು ಕೈ ಬಿಗಿ ಹಿಡಿದರೆ ಕೈಗವಸು ಸುಮ್ಮನಾಗುತ್ತಿತ್ತು. ಆದರೆ ಅಷ್ಟು ದೊಡ್ಡವರ ಕೈಯನ್ನು ತೊಟ್ಟುಕೊಂಡು ಬೇಡ ಅನ್ನುವ ಗಂಡೆದೆ ಯಾರಿಗಿರುತ್ತದೆ?

ಆ ದೊಡ್ಡ ಕೈ ಡಾಕ್ಟರ್ ಸೊಲಾಂಜ್ ಬರ್ತಿಯೆ ಅವರದು. ಫ್ರಾನ್ಸ್ ದೇಶದ ಲಿಯೋನ್ ಪಟ್ಟಣದಲ್ಲಿ ಛತ್ರಿ ರಿಪೇರಿ ಮಾಡುವವನ ಮಗಳು. ಕುರಿ ಕಾಯುವವರಿಗೆ ನಾಯಿಗಳಿಂದ ಬರುವ ಒಂದು ಕಾಯಿಲೆಯಿದೆ. ಹುಳದ ತತ್ತಿ ಹೊಟ್ಟೆಗೆ ಹೋಗಿ, ಲಿವರಿನಲ್ಲಿ ನೀರು ತುಂಬಿದ ಚೀಲವಾಗಿ, ತೆಂಗಿನಕಾಯಿಯಷ್ಟು ಬೆಳೆಯುತ್ತದೆ. ತೆಗೆಯುವಾಗ ಒಡೆದರೆ ಆ ನೀರೇ ವಿಷ. ಮೂವತ್ತನಾಲ್ಕನೇ ವಯಸ್ಸಿನಲ್ಲಿ ಸೊಲಾಂಜ್ ಆ ಚೀಲವನ್ನು ಒಡೆಯದೆ ಇಡಿಯಾಗಿ ಎತ್ತುವ ವಿಧಾನ ಕಂಡುಹಿಡಿದರು. ಛತ್ರಿ ಅಂಗಡಿಯ ಹುಡುಗಿಗೆ ಇದೆಲ್ಲ ಬೇಕಿತ್ತೇ ಎಂದು ಮೂಗು ಮುರಿದಿದ್ದ ಅಲ್ಲಿನ ಹಿರಿಯ ಸರ್ಜನ್ನರು ಹತ್ತು ವರ್ಷ ಕಳೆದ ಮೇಲೆ ಅದನ್ನೇ ಪಾಠ ಮಾಡಿದರು. ಯಾವುದೋ ಸಮ್ಮೇಳನಕ್ಕೆಂದು ನಮ್ಮ ಕಡೆ ಬಂದವರು ಮುಂಡರಗಿ ಸೀಮೆಯ ಕುರಿಹಟ್ಟಿಗಳಲ್ಲಿ ಇದೇ ಕಾಯಿಲೆ ಕಂಡು ಇಲ್ಲೇ ಉಳಿದರು. ಕನ್ನಡವನ್ನೂ ಹಟ್ಟಿಯಲ್ಲೇ ಕಲಿತದ್ದರಿಂದ ಜಿಲ್ಲಾಧಿಕಾರಿ ಬಂದರೂ ‘ಬಾರಪ್ಪ, ಕುಂದ್ರು’ ಎನ್ನುತ್ತಿದ್ದರು. ಡಾಕ್ಟರಮ್ಮನನ್ನು ಬಾಯಾರು ಎನ್ನುವುದು ಆ ಕಡೆಯ ರೂಢಿ, ಊರವರಿಗೆ ಆಕೆ ಫ್ರೆಂಚ್ ಬಾಯಾರು. ಕೇಂದ್ರದವರಿಗೆ ಬರೀ ಬಾಯಾರು.

ಬಾಯಾರ ಕೈಯನ್ನು ಬರೆದುಕೊಂಡವನು ಚಿದಂಬರ ಹೊಳೆಣ್ಣವರ. ಇಪ್ಪತ್ತೆರಡನೇ ವಯಸ್ಸಿಗೆ ಕ್ಯಾಮರಾದ ಗಾಜು ಒರೆಸುವ ಕೆಲಸಕ್ಕೆ ಸೇರಿದವನು, ಹತ್ತೊಂಬತ್ತು ವರ್ಷ ಅವರ ಬೆನ್ನಿಗೇ ಇದ್ದು, ಕೈಲಿಪಿ ಓದುವುದರಲ್ಲಿ ಇಡೀ ರಾಜ್ಯಕ್ಕೆ ಒಬ್ಬನೇ ಎನ್ನಿಸಿಕೊಂಡಿದ್ದ. ಹೆತ್ತ ತಾಯಿಯ ಎದುರು ಕಾಲು ಚಾಚಿ ಕೂರುತ್ತಿದ್ದವನು ಬಾಯಾರ ಎದುರು ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದ. ಈ ಮರ್ಯಾದೆಯೇ ಮುಂದೆ ಅವನಿಗೆ ಮುಳುವಾಯಿತು.

ಬರವಣಿಗೆ ನಡೆದದ್ದು ಬಾಯಾರಿಗೆ ಎಪ್ಪತ್ತೊಂದು ತುಂಬಿದ ವರ್ಷ. ಏಳು ರೋಗಿಗಳ ಶಸ್ತ್ರಚಿಕಿತ್ಸೆಯನ್ನು ದಾಖಲಿಸಿ, ಅದರಲ್ಲಿ ಉತ್ತಮವಾದದ್ದನ್ನು ತಿದ್ದಿ ಅರವತ್ತು ತಾಲ್ಲೂಕುಗಳಿಗೆ ಕಳಿಸಬೇಕಿತ್ತು. ಚಿದಂಬರ ನಿಯಂತ್ರಣ ಕೋಣೆಯಲ್ಲಿ ಗಾಜಿನ ಹಿಂದೆ ಕುಳಿತಿದ್ದ. ಪರದೆಯ ಮೇಲೆ ಹತ್ತು ಬೆರಳಿಗೆ ಹತ್ತು ಗೆರೆಗಳು ಕುಣಿಯುತ್ತಿದ್ದವು. ಚೀಲ ಇಡಿಯಾಗಿ ಹೊರಗೆ ಬಂತು. ಬಾಯಾರು ಬಿಳಿ ಬಟ್ಟೆಯ ಮಡಿಕೆಯನ್ನು ಲಿವರಿನ ಆ ಹಳ್ಳದಲ್ಲಿಟ್ಟು, ಎರಡೂ ಅಂಗೈಯಿಂದ ಒತ್ತಿ, ನಿಂತರು. ಹತ್ತೂ ಗೆರೆಗಳು ಮಲಗಿಬಿಟ್ಟವು.

ನಿಂತವರು ನಿಂತೇ ಇದ್ದರು. ನರ್ಸಿನ ಮಗಳ ಮದುವೆ ಎಲ್ಲಿಗೆ ಬಂತೆಂದು ವಿಚಾರಿಸಿದರು, ಈ ಸಲ ಕುರಿಗಳಿಗೆ ಅವಳಿ ಮರಿ ಜಾಸ್ತಿಯಂತೆ ಎಂದರು. ಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಿಸಿದರು. ಸೊಂಟವನ್ನು ಮೇಜಿಗೆ ಆನಿಸಿದರು. ಆಮೇಲೆ ಬಟ್ಟೆ ತೆಗೆದು, ಒಂದು ಸಲ ಕಣ್ಣಾಡಿಸಿ, ಮುಂದಿನ ಕೆಲಸಕ್ಕೆ ಕೈ ಹಾಕಿದರು. ಏಳು ಸಲವೂ ಹೀಗೇ ಆಯಿತು.

ಬಾಯಾರಿಗೆ ದಣಿವಾಗುತ್ತಿದೆ, ಮಾತಿನ ನೆಪದಲ್ಲಿ ಸುಧಾರಿಸಿಕೊಳ್ಳುತ್ತಿದ್ದಾರೆ ಎಂದು ಚಿದಂಬರನಿಗೆ ತೋರಿತು. ಕೈಗವಸು ಪರೀಕ್ಷೆ ಮಾಡುವ ಇಬ್ಬರು ಆಗಲೇ ನಗೆಯಾಡಿದ್ದರು. ಈ ಜಾಗ ಬಂತೆಂದರೆ ಕೈ ಜೋಮು ಹಿಡಿಯುತ್ತದೆ, ಯಂತ್ರ ಕೆಟ್ಟಿತೋ ಬಾಯಾರಿಗೆ ನಿದ್ದೆ ಹತ್ತಿತೋ ತಿಳಿಯುವುದಿಲ್ಲ ಎಂದಿದ್ದರು. ಅದು ಅವನಿಗೆ ಚುಚ್ಚಿತು. ನಾಳೆ ಅರವತ್ತು ತಾಲ್ಲೂಕಿನ ಹುಡುಗ ಡಾಕ್ಟರುಗಳು ಇದನ್ನು ತೊಟ್ಟು, ಮುದುಕಿ ನಡುವೆ ಕುಂತು ಏಳುತ್ತಾಳೆ ಎಂದು ಆಡಿಕೊಂಡರೆ? ದಣಿದಿರೇನು ಎಂದು ಅವರನ್ನೇ ಕೇಳಲು ಬಾಯಿ ಬರಲಿಲ್ಲ. ಹಾಗೆ ಕೇಳುವುದು ನಿಮಗೆ ವಯಸ್ಸಾಯಿತೆಂದು ಮುಖಕ್ಕೆ ಹೇಳಿದಂತೆ. ಮಲಗಿದ್ದ ಗೆರೆಗಳನ್ನು ಹಿಡಿದು ಕತ್ತರಿಸಿದ. ಎರಡು ತುದಿಗಳನ್ನು ನಯವಾಗಿ ಕೂಡಿಸಿದ. ಯಾರೂ ಹೇಳಿರಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ಮಗನಾದವನು ಮಾಡುವ ಕೆಲಸ ಮಾಡಿದೆನೆಂದು ಒಳಗೊಳಗೇ ಬೀಗಿದ ಕೂಡ.

ತಿದ್ದಿದ ಕೈಲಿಪಿಯನ್ನು ಬಾಯಾರು ತೊಟ್ಟು ನೋಡುವಂತಿರಲಿಲ್ಲ. ಬರೆದವರು ತಮ್ಮದೇ ಕೈಯನ್ನು ತೊಟ್ಟರೆ ಎರಡೂ ಒಂದನ್ನೊಂದು ಎಳೆದಾಡಿ ಬೆರಳು ನಡುಗುತ್ತವೆ, ಅದಕ್ಕೇ ನಿಯಮ ಕಟ್ಟುನಿಟ್ಟಾಗಿತ್ತು. ಹಾಗಾಗಿ ಅದು ನೇರ ತಾಲ್ಲೂಕುಗಳಿಗೆ ಹೋಯಿತು.

ಮೊದಲ ಆರು ತಿಂಗಳು ಎಲ್ಲೆಡೆ ಹೊಗಳಿಕೆಯೋ ಹೊಗಳಿಕೆ. ಹಿಂದೆಂದೂ ಲಿವರನ್ನು ಮುಟ್ಟದವರೂ ಚೀಲಗಳನ್ನು ಇಡಿಯಾಗಿ ಎತ್ತಿದರು. ಆಮೇಲೆ ಒಬ್ಬ ಸತ್ತ. ಎಂಟನೇ ದಿನ ಹೊಟ್ಟೆ ಕಲ್ಲಾಗಿ, ಜ್ವರ ಏರಿ ಸತ್ತ. ಮತ್ತೆ ಇನ್ನೊಬ್ಬರು. ವರ್ಷ ತುಂಬುವ ಹೊತ್ತಿಗೆ ಐದು ಜನ. ಐದೂ ಹೊಟ್ಟೆಗಳಲ್ಲಿ ಪಿತ್ತ ಸೋರಿ ತುಂಬಿತ್ತು. ಆದರೆ ಐವರು ವೈದ್ಯರೂ ಹೇಳಿದ್ದು ಒಂದೇ, ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಗೆ ಬಂದಿತ್ತು.

ವಿಚಾರಣೆ ನಡೆಯಿತು. ತಿದ್ದುವಾಗ ಏನಾದರೂ ಬದಲಾಯಿಸಿದ್ದೀರಾ ಎಂದು ನಿರ್ದೇಶಕರಾದ ಡಾಕ್ಟರ್ ಪಟ್ಟಣಶೆಟ್ಟಿಯವರು ಚಿದಂಬರನನ್ನು ಕೇಳಿದರು. ಕೆಮ್ಮು, ಅಲುಗಾಟ, ಬಿಡುವು ಇಂಥವನ್ನು ತೆಗೆದು ಸ್ವಚ್ಛ ಮಾಡಿದ್ದೇನೆ, ಒಂದು ಚಲನೆಯನ್ನೂ ಮುಟ್ಟಿಲ್ಲ ಎಂದ. ಆ ಹೊತ್ತಿಗೆ ಅವನು ಅದನ್ನು ನಂಬಿಯೇ ಹೇಳಿದ್ದು. ತಜ್ಞರು ಗೆರೆಗಳನ್ನೆಲ್ಲ ಅಳೆದರು. ಬೆರಳು ಅಲುಗಿದ್ದನ್ನೆಲ್ಲ ಸೋಸಿದರು, ಅಲುಗದೆ ಇದ್ದದ್ದನ್ನು ಹುಡುಕುವುದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಸಿಕ್ಕಿದ್ದು ಒಂದು ಸಣ್ಣ ಸಂಗತಿ. ಹತ್ತು ವರ್ಷದ ಹಿಂದಿನ ದಾಖಲೆಗಿಂತ ಬಾಯಾರ ಎಡಗೈ ಹೆಬ್ಬೆರಳು ಈಗ ತುಸು ಹೆಚ್ಚು ಒತ್ತುತ್ತಿತ್ತು.

ಬಾಯಾರು ಆ ಹಾಳೆಯನ್ನು ತುಂಬ ಹೊತ್ತು ನೋಡಿದರು. ಈ ಹೆಬ್ಬೆರಳೇ ಒಳಗಿನ ಪಿತ್ತನಾಳವನ್ನು ಜಜ್ಜಿದೆ, ಅದು ಆಮೇಲೆ ಬಾಯಿ ಬಿಟ್ಟಿದೆ, ಅದಕ್ಕೇ ಬಟ್ಟೆಯಲ್ಲಿ ಕಾಣಲಿಲ್ಲ ಎಂದು ತಾವೇ ತೀರ್ಮಾನ ಮಾಡಿದರು. ಅಂದಿನಿಂದ ಅವರು ಶಸ್ತ್ರ ಹಿಡಿಯಲಿಲ್ಲ. ಅವರ ಕೈಲಿಪಿಯನ್ನು ತಾಲ್ಲೂಕುಗಳಿಂದ ವಾಪಸ್ ತರಿಸಲಾಯಿತು. ಹೊಟ್ಟೆಯಲ್ಲಿ ಚೀಲ ಹೊತ್ತ ಕುರಿಗಾಹಿಗಳು ದವಾಖಾನೆಯ ಬಾಗಿಲಿಗೆ ಬಂದು ಹಾಗೇ ತಿರುಗಿ ಹೋಗತೊಡಗಿದರು.

ಸುಮ್ಮನೆ ಮನೆಯಲ್ಲಿ ಕೂರುವವರಾಗಿದ್ದರೆ ಅವರನ್ನು ಬಾಯಾರು ಎಂದು ಯಾರು ಕರೆಯುತ್ತಿದ್ದರು? ಸತ್ತ ಐವರ ಮನೆಗೂ ಹೋಗಿ ಕ್ಷಮೆ ಕೇಳುತ್ತೇನೆ ಎಂದು ಹೊರಟರು. ಗಾಡಿ ನಡೆಸಿದವನು ಚಿದಂಬರ. ಕೊನೆಯದು ಸಿದ್ರಾಮನ ಹಟ್ಟಿ. ಕೊಯ್ಲಾದ ಜೋಳದ ಹೊಲದಲ್ಲಿ ಕುರಿ ತರುಬಿ ನಿಲ್ಲಿಸಿಕೊಂಡು ಅವನ ಹೆಂಡತಿ ಲಗಮವ್ವ ಒಬ್ಬಳೇ ಇದ್ದಳು, ಮೂವತ್ತೈದರ ಹೆಂಗಸು. ಬಾಯಾರು ಅವಳ ಎದುರು ನೆಲದ ಮೇಲೆ ಕುಳಿತು, ತಮ್ಮ ಎಡಗೈ ಚಾಚಿ, ನಿನ್ನ ಗಂಡನನ್ನು ಕೊಂದದ್ದು ಈ ಹೆಬ್ಬೆರಳು ಎಂದರು. ಲಗಮವ್ವ ಆ ಕೈಯನ್ನು ಹಿಡಿದು ಮಡಚಿಟ್ಟಳು.

“ಹಂಗ ಅನಬ್ಯಾಡ್ರಿ ಬಾಯಾರ. ನಿಮ್ಮ ಕೈಯಾಗ ಏನಿತ್ರಿ? ಅವನ ಹಣ್ಯಾಗ ಅಷ್ಟ ಬರದಿತ್ತು.”

ಚಿದಂಬರ ಗಾಡಿಯ ಬಳಿ ನಿಂತು ಕಣ್ಣೊರೆಸಿಕೊಂಡ. ಅವನಿಗೆ ಬಾಯಾರ ಮೇಲೆ ಮರುಕ ಬಂದಿತ್ತು. ಪಾಪ, ವಯಸ್ಸು ಅವರ ಕೈಯನ್ನು ಕೆಡಿಸಿತಲ್ಲ ಎಂದುಕೊಂಡ. ಮುಂದೆ ಆ ಮರುಕ ನೆನಪಾದಾಗಲೆಲ್ಲ ಅವನಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಅದಾದ ಮರುವಾರ, ಒಂದು ಭಾನುವಾರದ ಬೆಳಗ್ಗೆ, ಅವನ ಮನೆಯ ನೀರಿನ ಟ್ಯಾಂಕಿನ ನಲ್ಲಿ ಜಿನುಗುತ್ತಿತ್ತು. ಹೆಂಡತಿ ಕಸ್ತೂರಿ ಇಂಥ ಕೆಲಸಕ್ಕೆ ಯಾರನ್ನೂ ಕಾಯುವವಳಲ್ಲ. ಪಾನಾ ಹಿಡಿದು ತಾನೇ ಬಿಗಿ ಮಾಡಿ, ಜೋಡಣೆಯ ಕೆಳಗೆ ಒಣಗಿದ ಬಿಳಿ ಚಿಂದಿಯೊಂದನ್ನು ಒತ್ತಿ ಹಿಡಿಯಲು ಗಂಡನಿಗೆ ಹೇಳಿದಳು. ಅವನು ಒತ್ತಿ, ತೆಗೆದು, ಒಣಗೇ ಇದೆ, ಸರಿಹೋಯಿತು ಎಂದ. ಅವಳು ಗಂಡನ ಜಾಣತನ ಕಂಡು ನಕ್ಕಳು.

“ಇಟ್ಟ ಕೂಡ್ಲೆ ತಗದ್ರ ಒಣಗ ಇರತೈತಲ್ರಿ. ಸ್ವಲ್ಪ ತಡೀರಿ. ಸೋರಾಕ ಅದಕ್ಕೂ ಟೈಮ್ ಬೇಕಲ್ಲ?”

ಚಿದಂಬರ ಚಿಂದಿಯನ್ನು ಮತ್ತೆ ಒತ್ತಿ ಹಿಡಿದ. ತುಸು ಹೊತ್ತಿನ ಮೇಲೆ ತೆಗೆದು ನೋಡಿದರೆ ನಡುವೆ ರೂಪಾಯಿಯಗಲ ಒದ್ದೆಯಾಗಿತ್ತು. ಚಪ್ಪಲಿಯನ್ನೂ ಮೆಟ್ಟದೆ ಗಾಡಿ ಹತ್ತಿದ. ಕಸ್ತೂರಿ ಪಾನಾ ಹಿಡಿದುಕೊಂಡು ನೋಡುತ್ತಲೇ ನಿಂತಳು.

ಕೇಂದ್ರದಲ್ಲಿ ರಜೆ, ಯಾರೂ ಇರಲಿಲ್ಲ. ಕತ್ತರಿಸದ ಮೂಲ ದಾಖಲೆ ತೆಗೆದ. ಮೊದಲ ರೋಗಿ, ನಾಲ್ಕು ನಿಮಿಷ. ಎರಡನೆಯದೂ ನಾಲ್ಕು ನಿಮಿಷ, ಮೇಲೆ ಕೆಲವು ಸೆಕೆಂಡು. ಏಳಕ್ಕೆ ಏಳೂ ಅಷ್ಟೇ. ದಣಿದವರು ಏಳು ಸಲವೂ ಅಳೆದಂತೆ ಅಷ್ಟೇ ಹೊತ್ತು ದಣಿಯುವುದಿಲ್ಲ. ಐದನೆಯ ರೋಗಿಯ ಚಿತ್ರವನ್ನು ಹಿಗ್ಗಿಸಿದ. ಬಾಯಾರು ಮದುವೆಯ ಮಾತಾಡುತ್ತ ಬಟ್ಟೆ ತೆಗೆದಾಗ ಅದರ ಮೂಲೆಯಲ್ಲಿ ಒಂದು ಹಳದಿ ಚುಕ್ಕೆಯಿತ್ತು. ಅವರು ಮಾತು ನಿಲ್ಲಿಸದೆಯೇ ಅಲ್ಲೊಂದು ಹೊಲಿಗೆ ಹಾಕಿದ್ದರು. ಆ ಹೊಲಿಗೆಯನ್ನು ಚಿದಂಬರ ಆಗ ನೋಡಿದ್ದ. ಅದು ಹೆಚ್ಚುವರಿಯೆಂದು ತಿಳಿದು, ಹೊಲಿಗೆ ಇಲ್ಲದ ದಾಖಲೆಯನ್ನೇ ಉತ್ತಮವೆಂದು ಆರಿಸಿದ್ದ.

ನೂರರಲ್ಲಿ ಎಂಟು ಹತ್ತು ಮಂದಿಗೆ ಆ ಹಳ್ಳದಲ್ಲಿ ಸಣ್ಣ ಪಿತ್ತನಾಳವೊಂದು ತೆರೆದಿರುತ್ತದೆ. ಅದು ತೋರಿಕೊಳ್ಳಲು ಹೊತ್ತು ಬೇಕು. ಬಾಯಾರು ಆ ಹೊತ್ತನ್ನು ಕಾಯುತ್ತಿದ್ದರು. ಅರವತ್ತು ತಾಲ್ಲೂಕಿನ ಕೈಗವಸುಗಳು ಬಟ್ಟೆ ಇಟ್ಟು, ಒತ್ತಿ, ತಕ್ಷಣ ತೆಗೆಯುತ್ತಿದ್ದವು. ಬಟ್ಟೆ ಬೆಳ್ಳಗೇ ಇರುತ್ತಿತ್ತು. ಇರದೆ ಏನು ಮಾಡೀತು?

ಇಷ್ಟು ತಿಳಿದವನು ಅಂದೇ ಬಾಯಾರ ಮನೆಗೆ ಓಡಬೇಕಿತ್ತು. ಓಡಲಿಲ್ಲ. ಸೋಮವಾರ ಹೇಳುತ್ತೇನೆಂದುಕೊಂಡ. ಸೋಮವಾರ ಬಂದಾಗ, ದಾಖಲೆ ಸರಿ ಮಾಡಿಕೊಂಡು ಆಮೇಲೆ ಹೇಳಿದರೆ ಚೆನ್ನ ಎನ್ನಿಸಿತು. ನಾಲ್ಕು ನಿಮಿಷಗಳನ್ನು ಮತ್ತೆ ಜೋಡಿಸಿ ಇಟ್ಟ. ಇನ್ನು ಯಾರೂ ಸಾಯುವುದಿಲ್ಲ, ಸತ್ತವರು ತಿರುಗಿ ಬರುವುದಿಲ್ಲ, ಹೇಳಿ ಏನು ಉಪಯೋಗ ಎಂದು ತನಗೆ ತಾನೇ ವಕಾಲತ್ತು ಮಾಡಿಕೊಂಡ. ಕೈಲಿಪಿಯೇ ವಾಪಸ್ ಬಂದು ಬೀಗದೊಳಗೆ ಬಿದ್ದಿರುವಾಗ ಅದನ್ನು ಸರಿ ಮಾಡಿಟ್ಟು ಯಾರಿಗೆ ಏನು ಬಂತು? ಊಟಕ್ಕೆ ಕೂತವನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದ. ಕಸ್ತೂರಿ ಏನಾಯಿತೆಂದು ಕೇಳಿ ಕೇಳಿ ಸಾಕಾಗಿ, ಬಾಯಾರ ಚಿಂತೆಯಿರಬೇಕೆಂದು ಸುಮ್ಮನಾದಳು. ಹೀಗೆ ಐದು ವಾರ ಕಳೆದವು.

ಐದನೇ ವಾರ ಪಟ್ಟಣಶೆಟ್ಟಿಯವರು ಅವನನ್ನು ಕರೆದು ಸುದ್ದಿ ಹೇಳಿದರು. ತಮ್ಮ ವಿಧಾನವೇ ದೋಷದ್ದು, ಇನ್ನು ಯಾರೂ ಅದನ್ನು ಅನುಸರಿಸಬಾರದು ಎಂದು ಬಾಯಾರು ಶುಕ್ರವಾರ ಬರೆದು ಕೊಟ್ಟು ಸಹಿ ಹಾಕಲಿದ್ದಾರೆ. ಸಹಿಯಾದ ಮೇಲೆ ಕೈಲಿಪಿಯನ್ನು ಮೂಲ ದಾಖಲೆ ಸಮೇತ ಅಳಿಸುವುದು ನಿಯಮ. ಅಳಿಸುವ ಕೆಲಸ ಚಿದಂಬರನದೇ. ಆಮೇಲೆ ಬಾಯಾರು ಲಿಯೋನಿಗೆ ಹೋಗಿಬಿಡುತ್ತಾರಂತೆ.

ಗುರುವಾರ ಮಧ್ಯಾಹ್ನ ಅವನು ಬಾಯಾರ ಮನೆಗೆ ಹೋದ. ಅವರು ಅಡುಗೆಮನೆಯ ಮೇಜಿನ ಮೇಲೆ ಒಂದು ಹಸಿ ಮೊಟ್ಟೆಯಿಟ್ಟುಕೊಂಡು, ಎಡಗೈ ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಒತ್ತಿ ಬಿಡುತ್ತಿದ್ದರು. ಪಕ್ಕದ ತಟ್ಟೆಯಲ್ಲಿ ಒಡೆದವು ಮೂರು ಇದ್ದವು. ಎಷ್ಟು ದಿನದಿಂದ ಈ ಹೆಬ್ಬೆರಳನ್ನು ಹೀಗೆ ಪರೀಕ್ಷೆ ಮಾಡುತ್ತಿದ್ದರೋ. ಚಿದಂಬರ ಕೂರಲಿಲ್ಲ.

“ಬಾಯಾರ, ಹೆಬ್ಬೆರಳ ತಪ್ಪಲ್ಲರಿ ಅದು. ಬಿಳಿ ಬಟ್ಟಿ ಒತ್ತಿ ನಿಲ್ಲತಿದ್ರಲ್ಲ, ಆ ನಾಕು ಮಿಂಟು ನಾ ಕತ್ತರಿಸಿ ಒಗದೀನಿ.”

ಬಾಯಾರಿಗೆ ಮೊದಲು ಅರ್ಥವಾಗಲಿಲ್ಲ. ಅವನು ತೊದಲುತ್ತ ಎಲ್ಲ ಹೇಳಿದ. ಪರೀಕ್ಷಕರ ನಗೆಯಾಟ, ಮಲಗಿದ ಗೆರೆ, ಬೆಳ್ಳಗೆ ಬಂದ ಐದು ಬಟ್ಟೆ, ಮನೆಯ ನಲ್ಲಿ. ಅವರು ಮೊಟ್ಟೆಯನ್ನು ಹುಷಾರಾಗಿ ತಟ್ಟೆಗಿಟ್ಟರು.

“ನನ್ನ ಒಂದ ಮಾತು ಕೇಳಬಹುದಿತ್ತಲ್ಲ?”

“ಹೆಂಗ ಕೇಳ್ಲಿ ಬಾಯಾರ? ದಣದೀರೇನು ಅಂತ ನಿಮ್ಮನ್ನ ಹೆಂಗ ಕೇಳ್ಲಿ?”

ಅವರು ತಮ್ಮ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡರು. ಎಪ್ಪತ್ತಮೂರು ವರ್ಷದ ಮುಖ ಚಿಕ್ಕ ಹುಡುಗಿಯದರಂತೆ ಅರಳಿತು. ಅದು ಕ್ಷಣಮಾತ್ರ. ಮರುಕ್ಷಣ ಅದೇ ಕೈಗಳಿಂದ ಮುಖ ಮುಚ್ಚಿಕೊಂಡರು.

“ಐದು ಮಂದಿ ಸತ್ತಾರ, ನನಗ ಖುಷಿ ಆಗಾಕತ್ತೈತಿ ನೋಡು. ಎಂಥಾಕಿ ನಾನು.”

ಆಮೇಲೆ ನಿಧಾನವಾಗಿ ಮಾತಾಡಿದರು. ಹತ್ತೊಂಬತ್ತು ವರ್ಷ ಪಕ್ಕದಲ್ಲಿದ್ದವನಿಗೆ ತಾನು ಏನನ್ನು ಕಾಯುತ್ತಿದ್ದೇನೆಂದು ಒಂದು ದಿನವೂ ಹೇಳಲಿಲ್ಲ, ತನಗೆ ಅಷ್ಟು ಗೊತ್ತಿದ್ದದ್ದು ಬೇರೆಯವರಿಗೆ ಗೊತ್ತಿರಲಾರದೆಂದು ಹೊಳೆಯಲೇ ಇಲ್ಲ, ಅದು ತನ್ನ ಪಾಲಿನ ತಪ್ಪು ಎಂದರು. ಚಿದಂಬರನಿಗೆ ಎದೆ ಸ್ವಲ್ಪ ಹಗುರಾಯಿತು. ಅಷ್ಟರಲ್ಲಿ ಅವರು, ಇದು ನಿನಗೆ ಗೊತ್ತಾದದ್ದು ಯಾವಾಗ ಎಂದು ಕೇಳಿದರು. ಐದು ವಾರವಾಯಿತು ಎಂದ.

ಬಾಯಾರು ಎದ್ದು ಹೋಗಿ ಕಿಟಕಿಯ ಬಳಿ ನಿಂತರು. ಆ ಮನೆಗೆ ಹೋದಾಗ ಕಾಫಿ ಕುಡಿಯದೆ ಅವನು ಎಂದೂ ತಿರುಗಿ ಬಂದವನಲ್ಲ. ಅಂದು ಅವರು ಕಾಫಿಯ ಮಾತೆತ್ತಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವರು ಬೈಯಲೂ ಇಲ್ಲ.

“ಐದು ಮನಿಗೆ ಹೋಗಿ ನಾ ಸುಳ್ಳು ಹೇಳಿ ಬಂದೀನಿ. ನಾಳೆ ಗಾಡಿ ತಗಿ. ಈ ಸಲ ನೀ ಹೇಳು,” ಎಂದರು.

ಶುಕ್ರವಾರ ಸಹಿ ಬೀಳಲಿಲ್ಲ. ಪಟ್ಟಣಶೆಟ್ಟಿಯವರಿಗೆ ಬಾಯಾರು ಫೋನಿನಲ್ಲಿ ಎಲ್ಲ ತಿಳಿಸಿದರು. ಚಿದಂಬರ ಲಿಖಿತವಾಗಿ ಕೊಡುವವರೆಗೆ ಹೊರಗೆ ಯಾರಿಗೂ ಹೇಳುವುದು ಬೇಡವೆಂದು ನಿರ್ದೇಶಕರು ಅಂದದ್ದನ್ನು ಬಾಯಾರು ಕೇಳಿಸಿಕೊಳ್ಳಲಿಲ್ಲ. ಗಾಡಿ ಹೊರಟೇಬಿಟ್ಟಿತು. ಮೊದಲ ಮನೆಯಲ್ಲಿ ಸತ್ತವನ ಅಣ್ಣ ಚಿದಂಬರನ ಕೊರಳಪಟ್ಟಿ ಹಿಡಿದ. ಎರಡನೆಯ ಮನೆಯವರು ಬಾಗಿಲು ಹಾಕಿಕೊಂಡರು. ಮೂರನೆಯದರಲ್ಲಿ ಒಬ್ಬ ಮುದುಕಿ ಬಾಯಾರನ್ನು ತಬ್ಬಿಕೊಂಡು ಅತ್ತಳು, ನಾಲ್ಕನೆಯ ಮನೆಯ ಜನ ಊರು ಬಿಟ್ಟಿದ್ದರು. ಪ್ರತಿ ಸಲವೂ ಬಾಯಾರು ಎರಡು ಹೆಜ್ಜೆ ಹಿಂದೆ ನಿಂತರು. ಒಂದು ಮಾತನ್ನೂ ಅವನ ಪರವಾಗಿ ಆಡಲಿಲ್ಲ.

ಲಗಮವ್ವನ ಹಟ್ಟಿ ಈಗ ತುಂಗಭದ್ರೆಯ ಕಡೆಗೆ ಸರಿದಿತ್ತು. ಅವಳು ಕಂಬಳಿಯ ಮೇಲೆ ಕುಳಿತು, ಒಂದು ಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದಳು. ಚಿದಂಬರ ಕೈಕಟ್ಟಿ ನಿಂತು ಎಲ್ಲ ಹೇಳಿದ. ಹಣೆಯಲ್ಲಿ ಬರೆದದ್ದಲ್ಲ, ಬಾಯಾರ ಕೈಯದೂ ಅಲ್ಲ, ತಾನು ತೆಗೆದುಹಾಕಿದ ನಾಲ್ಕು ನಿಮಿಷ ಇದ್ದಿದ್ದರೆ ಸಿದ್ರಾಮ ಉಳಿಯುತ್ತಿದ್ದ ಎಂದ. ಅವಳು ಮುಳ್ಳು ಕಿತ್ತು, ಮರಿಯನ್ನು ಬಿಟ್ಟಳು. ಅದು ಕುಂಟುತ್ತ ತಾಯಿಯ ಕಡೆ ಓಡಿತು.

“ನಾಕು ಮಿಂಟು ಅಂದ್ರ ಎಷ್ಟ್ರಿ ಅಣ್ಣಾರ?”

ಅವನು ಹೇಳಲು ಹೊರಟ. ಆಗ ಬಾಯಾರು ಮೊದಲ ಸಲ ಬಾಯಿ ತೆರೆದರು. ಹೇಳುವುದು ಬೇಡ, ನಿಂತು ತೋರಿಸು ಎಂದರು.

ಚಿದಂಬರ ಗಡಿಯಾರ ನೋಡಿಕೊಂಡು ನಿಂತ. ಬಾಯಾರೂ ನಿಂತರು. ಲಗಮವ್ವ ಎದ್ದು, ಸೆರಗು ಸರಿಮಾಡಿಕೊಂಡು, ಅವರ ಎದುರಿಗೆ ನಿಂತಳು. ಕುರಿಗಳು ಮೇಯುತ್ತಿದ್ದವು. ದೂರದಲ್ಲಿ ಯಾರೋ ಪಂಪ್‌ಸೆಟ್ ಚಾಲೂ ಮಾಡಿದರು. ಒಂದು ನಾಯಿ ಬಂದು ಮೂವರನ್ನೂ ಮೂಸಿ ನೋಡಿ ಹೋಯಿತು. ಲಗಮವ್ವನ ಕಣ್ಣು ಚಿದಂಬರನ ಮುಖದಿಂದ ಕದಲಲಿಲ್ಲ. ಅವನು ಎತ್ತ ನೋಡಬೇಕೋ ತಿಳಿಯದೆ ಗಡಿಯಾರವನ್ನೇ ನೋಡುತ್ತಿದ್ದ. ಬೆವರು ಕಿವಿಯ ಹಿಂದಿನಿಂದ ಇಳಿದು ಅಂಗಿಯೊಳಗೆ ಹೋಯಿತು. ಕೊನೆಗೂ ಗಡಿಯಾರದ ಮುಳ್ಳು ನಾಲ್ಕು ನಿಮಿಷ ಮುಟ್ಟಿತು.

“ಆತ್ರಿ,” ಎಂದ.

ಲಗಮವ್ವ ಇನ್ನೂ ಏನೋ ಇದೆಯೇನೋ ಎಂಬಂತೆ ಸ್ವಲ್ಪ ಕಾದಳು.

“ಇಷ್ಟಕ್ಕನ?” ಎಂದು ಕೇಳಿದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದಳು.